ಮುದ್ದಯ್ಯ ಸಿಲಿಂಡರ್ ತಂದ ಕತೆ

ಕತೆ ಕೇಳಲು ಕೂರುವ ಮುಂಚೆ ಒಳಗೆ ಹೋಗಿ ಒಲೆ ಆರಿಸಿ ಬನ್ನಿ. ಆರಿಸಿದಿರಾ? ರೆಗ್ಯುಲೇಟರನ್ನೂ ತಿರುವಿದಿರಾ? ಹಾಗಾದರೆ ಕೂತುಕೊಳ್ಳಿ. ಇದು ಗ್ಯಾಸಿನ ಕತೆ. ಬೆಂಕಿಯಿಂದ ದೂರ ಕೂತೇ ಕೇಳಬೇಕು.

ಹುಲ್ಲುಕೆರೆ ಅಂತ ಒಂದು ಊರು. ಆ ಊರಲ್ಲಿ ಕೆಂಚಮ್ಮ ಅಂತ ಒಬ್ಬ ತಾಯಿ, ಮುದ್ದಯ್ಯ ಅಂತ ಅವಳಿಗೊಬ್ಬ ಮಗ. ಮುದ್ದಯ್ಯ ಹಿಟ್ಟಿನ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದ. ಹೆಗಲ ಮೇಲೆ ಎರಡು ಮೂಟೆ ಇಟ್ಟರೂ ಹೊರುತ್ತಿದ್ದ. ತಲೆಯಲ್ಲಿ ಮಾತ್ರ ಎರಡು ಮಾತು ಹೊರಲು ಆಗುತ್ತಿರಲಿಲ್ಲ. ಒಂದೇ ಮಾತು. ಅದೂ ಕೊನೆಗೆ ಕೇಳಿದ ಮಾತು. "ಹಾಲು ಉಕ್ಕಿದರೆ ಕೂಗೋ" ಎಂದರೆ, ಉಕ್ಕುವವರೆಗೂ ಸುಮ್ಮನೆ ನಿಂತು ನೋಡಿ, ಒಲೆಯೆಲ್ಲ ಹಾಲಾದ ಮೇಲೆ, "ಅಮ್ಮಾ, ಉಕ್ತು!" ಎಂದು ಕೂಗುವವನು.

ಕೆಂಚಮ್ಮನಿಗೆ ಮಗನ ಮದುವೆಯದೇ ಚಿಂತೆ. ನಾಲ್ಕು ಕಡೆಯವರು ಬಂದು, ಹುಡುಗನನ್ನು ನೋಡಿ, ಉಪ್ಪಿಟ್ಟು ತಿಂದು, ಕೈ ತೊಳೆದು ಹೋಗಿದ್ದರು. ಐದನೆಯದು ಮೂಡಲಪಾಳ್ಯದ ಸಂಬಂಧ. ಕೆರೆ ಏರಿ ದಾಟಿದರೆ ಆ ಊರು. ಕೆಂಚಮ್ಮನ ಅಣ್ಣ ಪುಟ್ಟಹೊನ್ನಯ್ಯ ಹತ್ತು ಸಲ ಓಡಾಡಿ ಕುದುರಿಸಿದ್ದು. ಶುಕ್ರವಾರ ಬರುತ್ತೇವೆ ಎಂದಿದ್ದರು. ಹೆಣ್ಣಿನ ಅಪ್ಪ ಜವರಪ್ಪನದು ಒಂದೇ ಷರತ್ತು.

"ನನ್ನ ಹೆಂಡ್ತಿ ಗ್ಯಾಸು ಬರೋಕೆ ಮುಂಚೆ ಸೌದೆ ಒಲೆ ಊದಿ ಊದಿ ಕೆಮ್ಮು ಹತ್ತಿಸ್ಕೊಂಡವಳೆ. ಹೊಗೆ ಮನೆಗೆ ಮಗಳನ್ನ ಕೊಡಲ್ಲ. ಗ್ಯಾಸಿನ ಉರಿ ಕಣ್ಣಾರೆ ನೋಡ್ಬೇಕು, ಅದರ ಮೇಲೆ ಮಾಡಿದ ಉಪ್ಪಿಟ್ಟು ತಿನ್ಬೇಕು. ಆಮೇಲೆ ಮಾತು."

ಶನಿವಾರ ಬೆಳಿಗ್ಗೆ ಕೆಂಚಮ್ಮನ ಗ್ಯಾಸ್ ಒಲೆ ಒಮ್ಮೆ ಹಳದಿಯಾಯಿತು, ಒಮ್ಮೆ ಬುಸ್ ಎಂದಿತು, ಆರಿತು.

"ಮುದ್ದಾ! ಬಾರೋ ಇಲ್ಲಿ. ಶುಕ್ರವಾರಕ್ಕೆ ಆರೇ ದಿನ ಐತೆ. ಈ ಸಿಲಿಂಡರು ಗೋಡೌನಿಗೆ ತಗೊಂಡು ಹೋಗು. ಖಾಲಿ ಕೊಟ್ಟು ತುಂಬಿದ್ದು ತಾ. ಇನ್ನೇನೂ ಮಾಡಬೇಡ. ಖಾಲಿ ಕೊಡು, ತುಂಬಿದ್ದು ತಾ. ಏನು?"

"ಖಾಲಿ ಕೊಡು, ತುಂಬಿದ್ದು ತಾ."

"ಹೋಗು."

ಸೈಕಲ್ಲಿನ ಹಿಂದೆ ಸಿಲಿಂಡರ್ ಕಟ್ಟಿಕೊಂಡು ಹೋದ. ಗೋಡೌನಿನಲ್ಲಿ ಇದ್ದವನು ನಜೀರಣ್ಣ. "ಆ ಸಾಲಿಂದ ಒಂದು ತಗೊಳ್ಳಪ್ಪ" ಎಂದು ಒಳಗಿನ ಸಾಲು ತೋರಿಸಿದ. ಮುದ್ದಯ್ಯನಿಗೆ ಬಾಗಿಲ ಪಕ್ಕದಲ್ಲೇ, ಯಾರೋ ವಾಪಸ್ ತಂದಿಟ್ಟಿದ್ದ ಒಂದು ಸಿಲಿಂಡರ್ ಕಂಡಿತು. ಒಳಗೆ ಯಾಕೆ ಹೋಗಬೇಕು? ಅದನ್ನೇ ಎತ್ತಿ ಕಟ್ಟಿಕೊಂಡು ಬಂದ.

ಕೆಂಚಮ್ಮ ನೋಡಿದಳು. ಬಾಯಿಯ ಮೇಲೆ ಸೀಲಿಲ್ಲ. ಎತ್ತಿ ನೋಡಿದಳು. ಅರ್ಧಕ್ಕರ್ಧ ಇಲ್ಲ.

"ಅಯ್ಯೋ ನನ್ನ ಹಣೆಬರಹವೇ! ಸೀಲೆಲ್ಲೋ?"

"ಸೀಲು ತಾ ಅಂತ ನೀನು ಹೇಳಲಿಲ್ಲ."

"ಸೀಲು ಇಲ್ದೇ ಇರೋದನ್ನ ಯಾರಾದರೂ ತರ್ತಾರೇನೋ, ಪೆದ್ದೇ! ಯಾರೋ ಅರ್ಧ ಉರಿಸಿ ಇಟ್ಟವರೆ! ಇನ್ಮೇಲೆ ಏನು ತಂದ್ರೂ ಮೊದಲು ಬಾಯಿ ನೋಡು. ಸೀಲು ಇದ್ರೆ ತಾ. ಇಲ್ದಿದ್ರೆ ಅಲ್ಲೇ ವಾಪಸ್ ಕೊಟ್ಟು ಬಾ. ತಿಳೀತಾ?"

"ತಿಳೀತು ಕಣಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಮಾರನೆಯ ದಿನ ಭಾನುವಾರ. ಗೋಡೌನಿಗೆ ರಜ. ಅರ್ಧ ಸಿಲಿಂಡರನ್ನು ಹಾಗೇ ವಾಪಸ್ ಕೊಡಬೇಕು, ಹಚ್ಚುವಂತಿಲ್ಲ. ಹಿತ್ತಲಲ್ಲಿ ಮೂರು ಕಲ್ಲಿಟ್ಟು, ಪುಳ್ಳೆ ಒಟ್ಟಿ, ಕೆಂಚಮ್ಮ ಕಾಫಿಗೆ ನೀರಿಟ್ಟಳು.

"ಮುದ್ದಾ, ಭದ್ರಮ್ಮನ ಮನೆಗೆ ಹೋಗಿ ಒಂದು ಚೊಂಬು ಹಾಲು ಹಾಕಿಸ್ಕೊಂಡು ಬಾ."

ಹೋದ. ಭದ್ರಮ್ಮ ಎಮ್ಮೆಯ ಕೆಳಗೆ ಕೂತು ಆಗತಾನೆ ಕರೆದ ಹಾಲನ್ನು ನೊರೆ ಸಮೇತ ಚೊಂಬಿಗೆ ಸುರಿದಳು. ಮುದ್ದಯ್ಯ ಚೊಂಬಿನ ಬಾಯಿ ನೋಡಿದ. ಒಳಗೂ ನೋಡಿದ. ಬೆರಳಿಟ್ಟು ನೋಡಿದ.

"ಭದ್ರಕ್ಕ, ಸೀಲೆಲ್ಲಿ?"

"ಎಂಥ ಸೀಲೋ?"

"ಸೀಲಿಲ್ದೇ ಇದ್ರೆ ಅಲ್ಲೇ ವಾಪಸ್ ಕೊಟ್ಟು ಬಾ ಅಂದವಳೆ ಅಮ್ಮ."

ಭದ್ರಮ್ಮ ಬಾಯಿ ತೆರೆಯುವಷ್ಟರಲ್ಲಿ ಹಾಲನ್ನು ಎಮ್ಮೆ ನೀರು ಕುಡಿಯುವ ಬಾನಿಗೆ ಸುರಿದು, ಎಮ್ಮೆಯ ಬೆನ್ನು ತಟ್ಟಿ, ಖಾಲಿ ಚೊಂಬು ಹಿಡಿದು ಬಂದ.

"ಹಾಲೆಲ್ಲೋ?"

"ಸೀಲಿರಲಿಲ್ಲ. ವಾಪಸ್ ಕೊಟ್ಟೆ."

"ಯಾರಿಗೆ?"

"ಎಮ್ಮೆಗೆ. ಎಮ್ಮೆದೇ ಅಲ್ವಾ?"

ಕೆಂಚಮ್ಮ ಹಣೆ ಹಣೆ ಬಡಿದುಕೊಂಡಳು. "ಹಾಲಿಗೆ ಸೀಲು ಇರುತ್ತೇನೋ! ಎಮ್ಮೆ ಸೀಲು ಹಾಕಿ ಕೊಡುತ್ತೇನೋ! ಸೀಲಿನ ಸುದ್ದಿ ಬಿಟ್ಟುಬಿಡು. ಕೈಯಲ್ಲಿ ಎತ್ತಿ ತೂಕ ನೋಡು. ಭಾರ ಇದ್ರೆ ತುಂಬೈತೆ ಅಂತ ಅರ್ಥ, ತಗೋ. ಹಗುರ ಇದ್ರೆ ವಾಪಸ್ ಕೊಟ್ಟು ಭಾರದ್ದು ತಾ."

"ಹಂಗೇ ಮಾಡ್ತೀನಿ ಕಣಮ್ಮ."

ಸೋಮವಾರ ಗೋಡೌನಿಗೆ ಲೋಡು ಬರಲಿಲ್ಲ. ಇನ್ನು ನಾಲ್ಕೇ ದಿನ. ಕೆಂಚಮ್ಮ ತಲೆಗೆ ನೀರು ಹಾಕಿಕೊಂಡು, ಮನೆದೇವರ ಪಟದ ಮುಂದೆ ದೀಪ ಹಚ್ಚಿ, "ಈ ಮದುವೆ ಒಂದು ಮಾಡಿಸಪ್ಪ" ಎಂದು ಬೇಡಿಕೊಂಡಳು. ನೋಡಿದರೆ ಹೂವಿಲ್ಲ.

"ಮುದ್ದಾ, ಸಂತೆ ಬೀದಿಗೆ ಹೋಗಿ ಎರಡು ಮೊಳ ಮಲ್ಲಿಗೆ ತಾರೋ. ಬೇಗ ಬಾ, ದೀಪ ಉರೀತೈತೆ."

ಹೂವಿನವಳು ಎರಡು ಮೊಳ ಅಳೆದು ಎಲೆಯಲ್ಲಿ ಸುತ್ತಿ ಕೊಟ್ಟಳು. ಮುದ್ದಯ್ಯ ಅಂಗೈಯಲ್ಲಿಟ್ಟು ಎತ್ತಿ ನೋಡಿದ. ಇಳಿಸಿ ನೋಡಿದ. ಮತ್ತೆ ಎತ್ತಿ ನೋಡಿದ.

"ಅಕ್ಕಾ, ಇದರಲ್ಲಿ ಏನೂ ಇಲ್ಲ. ಹಗುರ ಐತೆ. ಭಾರದ್ದು ಕೊಡಿ."

"ನಾಲ್ಕು ಮೊಳ ಕೊಡ್ಲೇನಪ್ಪ?"

ನಾಲ್ಕು ಮೊಳ ಎತ್ತಿ ನೋಡಿದ. ಹಗುರ. ಬುಟ್ಟಿಗೆ ಬುಟ್ಟಿಯೇ ಎತ್ತಿ ನೋಡಿದ. ಅದೂ ಹಗುರ. "ಎಲ್ಲಾ ಖಾಲಿ ಇಟ್ಕೊಂಡು ಕೂತಿದೀರಲ್ಲ, ನಾಚ್ಕೆ ಆಗಲ್ವಾ!" ಎಂದು ಬೈದು ಮುಂದೆ ಹೋದ. ಪಕ್ಕದಲ್ಲೇ ಒಬ್ಬ ಒರಳು, ಗುಂಡುಕಲ್ಲು ಮಾರುತ್ತ ಕೂತಿದ್ದ. ಮುದ್ದಯ್ಯ ಒಂದು ಗುಂಡುಕಲ್ಲು ಎತ್ತಿದ. ಆಹಾ! ಮೂಟೆ ಹೊರುವ ಹೆಗಲೇ ಒಂದು ಕಡೆಗೆ ವಾಲಿತು.

ಕೆಂಚಮ್ಮ ಕಣ್ಣು ಮುಚ್ಚಿ ಕೈ ಮುಗಿದು ನಿಂತಿದ್ದಳು. "ತಂದ್ಯೇನೋ? ದೇವರ ಮುಡಿಗೆ ಇಡು."

ಧಡ್! ಪಟದ ಗಾಜು ಪುಡಿ. ದೀಪ ಒಂದು ಕಡೆ, ಬತ್ತಿ ಒಂದು ಕಡೆ. ದೇವರು ಕಾಣದಂತೆ ಕಲ್ಲು ಕೂತಿತ್ತು.

"ಏನೋ ಇದು!"

"ಹೂವು ಹಗುರ ಇತ್ತು ಕಣಮ್ಮ. ವಾಪಸ್ ಕೊಟ್ಟೆ. ಭಾರದ್ದು ತಂದೆ."

"ದೇವರ ತಲೆ ಮೇಲೆ ಗುಂಡುಕಲ್ಲು ಇಡ್ತಾರೇನೋ! ಹೂವನ್ನ ಯಾರಾದ್ರೂ ತೂಕ ನೋಡ್ತಾರೇನೋ! ಮೂಸಿ ನೋಡಬೇಕು ಕಣೋ, ಮೂಸಿ! ಮೂಗಿನ ಹತ್ರ ಹಿಡಿ. ಘಮ್ ಅಂದ್ರೆ ತಗೊಂಡು ಬಾ. ವಾಸನೆ ಇಲ್ದಿದ್ರೆ ಮುಟ್ಟಬೇಡ."

"ಆಯ್ತು ಕಣಮ್ಮ, ಇನ್ಮೇಲೆ ಹಂಗೇ ಮಾಡ್ತೀನಿ."

ಮಂಗಳವಾರ ಲೋಡು ಬಂತು. ಕೆಂಚಮ್ಮ ತಾನೇ ಹೋಗೋಣವೆಂದರೆ ಬೆಟ್ಟದಷ್ಟು ಕೆಲಸ. ಗೋಡೆಗೆ ಸುಣ್ಣ ಬಳಿಯಬೇಕು. ಮಗನ ಕೈ ಹಿಡಿದು ಹೇಳಿದಳು. "ಸೀಲಿಲ್ದೇ ಇರೋದನ್ನ ವಾಪಸ್ ಕೊಡು. ಒಳ್ಳೇದು ನೋಡಿ ತಾ. ನೋಡಿ ತಾರೋ, ನಮ್ಮಪ್ಪಾ."

ನೋಡುವುದು ಹೇಗೆಂದು ನಿನ್ನೆ ತಾನೆ ಕಲಿತಿದ್ದನಲ್ಲ! ಗೋಡೌನಿಗೆ ಹೋದವನೇ ಮಂಡಿಯೂರಿ ಕೂತ. ಒಂದು ಸಿಲಿಂಡರಿಗೆ ಮೂಗಿಟ್ಟ. ವಾಸನೆ ಇಲ್ಲ. ಎರಡನೆಯದಕ್ಕೆ ಮೂಗಿಟ್ಟ. ವಾಸನೆ ಇಲ್ಲ. ಸಾಲಿಗೆ ಸಾಲೇ ಮೂಸಿದ.

"ಏನಪ್ಪಾ ಮುದ್ದಯ್ಯ, ಮಲ್ಲಿಗೆ ಹೂವಾ ಅದು?" ಎಂದ ನಜೀರಣ್ಣ.

"ಹೂಂ ಅಣ್ಣ. ಹಂಗೇ ನೋಡ್ಬೇಕಂತೆ."

ನಜೀರಣ್ಣ ನಗುತ್ತ ರಸೀದಿ ಬರೆಯಲು ಒಳಗೆ ಹೋದ. ಹೊರಗೆ, ಬೇಲಿಯ ಮೂಲೆಯಲ್ಲಿ, ಹೊಟ್ಟೆಯ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡ ಅಡ್ಡಗೀಟು ಹಾಕಿದ್ದ ಒಂದು ಸಿಲಿಂಡರ್ ಬೇರೆಯಾಗಿ ನಿಂತಿತ್ತು. ಸಣ್ಣಗೆ ಉಸ್ಸೆನ್ನುತ್ತಿತ್ತು. ಮುದ್ದಯ್ಯ ಮೂಗಿಟ್ಟ.

"ಸಿಕ್ತು!"

ನಜೀರಣ್ಣ ಹೊರಗೆ ಬಂದು, "ಲೋ, ಅದಲ್ಲವೋ! ಅದು ಲೀಕು! ಕಂಪನಿಗೆ ವಾಪಸ್ ಹೋಗೋದು!" ಎಂದು ಕೂಗುವಷ್ಟರಲ್ಲಿ ಸೈಕಲ್ ತಿರುವು ದಾಟಿತ್ತು.

"ಅಮ್ಮಾ! ಈ ಸಲ ನೋಡು! ದಾರಿಯುದ್ದಕ್ಕೂ ಘಮಘಮ!"

ಕೆಂಚಮ್ಮನ ಮೂಗಿಗೆ ಬಡಿಯಿತು. ಸುಣ್ಣದ ಕುಂಚ ಕೈಯಿಂದ ಬಿತ್ತು. ಹಿತ್ತಲಿಗೆ ಓಡಿ ಮೂರು ಕಲ್ಲಿನ ಒಲೆಗೆ ಒಂದು ಕೊಡ ನೀರು ಸುರಿದಳು. ಬಾಗಿಲು ತೆರೆದಳು, ಕಿಟಕಿ ತೆರೆದಳು. ಸೋಪಿನ ನೀರು ಕಲಸಿ ಸಿಲಿಂಡರಿನ ಬಾಯಿಗೆ ಬಿಟ್ಟಳು. ಗುಳುಗುಳು ಗುಳ್ಳೆ!

"ಮನೆ ಸುಡೋಕೆ ತಂದ್ಯೇನೋ! ವಾಸನೆ ಬಂದ್ರೆ ಲೀಕ್ ಆಗ್ತೈತೆ ಅಂತ! ಕೇಳು ಇಲ್ಲಿ. ವಾಸನೆ ಬಂದ್ರೆ ಬಾಗಿಲು ಕಿಟಕಿ ತೆಗಿ. ಸುತ್ತಲಿನ ಮನೆಯವರಿಗೆ ಒಲೆ ಆರ್ಸಿ ಅನ್ನು. ಸೋಪಿನ ನೀರು ತಗೊಂಡು ಬಾಯಿಗೆ ಬಿಡು. ಗುಳ್ಳೆ ಬಂತೋ, ಎತ್ತಿ ಹೊತ್ಕೊಂಡು ಹೋಗಿ ಬಯಲಲ್ಲಿ ಇಟ್ಟು ಬಾ. ಮಲಗಿಸಬೇಡ, ನೆಟ್ಟಗೆ ನಿಲ್ಲಿಸು. ಹತ್ರ ಯಾರನ್ನೂ ಬಿಡಬೇಡ. ತಿಳೀತಾ?"

"ತಿಳೀತು ಕಣಮ್ಮ. ಇನ್ಮೇಲೆ ಹಂಗೇ ಮಾಡ್ತೀನಿ."

ಸಿಲಿಂಡರನ್ನು ಹೊತ್ತುಕೊಂಡು ಹೋಗಿ ಊರಾಚೆ ಬಯಲಲ್ಲಿ ನೆಟ್ಟಗೆ ನಿಲ್ಲಿಸಿ ಬಂದ. ಅದು ಅಲ್ಲಿ ಒಂದೇ ನಿಂತು ಉಸ್ಸೆನ್ನುತ್ತಲೇ ಇತ್ತು.

ಬುಧವಾರ ಪುಟ್ಟಹೊನ್ನಯ್ಯ ಬಂದ. ಹೆಣ್ಣಿನ ಕಡೆಯವರನ್ನು ಹೇಗೆ ಕೂರಿಸಬೇಕು, ಏನು ಮಾತಾಡಬೇಕು ಎಂದು ಹೇಳಿಕೊಡಲು ಬಂದವನು. ದಾರಿಯಲ್ಲಿ ನೆಗಡಿಯಾಗಿತ್ತು. ಎದೆಗೆ, ಮೂಗಿಗೆ, ನೆತ್ತಿಗೆ ನೀಲಗಿರಿ ಎಣ್ಣೆ ತಿಕ್ಕಿಕೊಂಡು, ಮುದ್ದೆ ಉಂಡು, ಜಗಲಿಯ ಮೇಲೆ ಮಲಗಿದ. ಮೂಗು ಕಟ್ಟಿತ್ತಾದ್ದರಿಂದ ಬಾಯಿ ತೆರೆದೇ ಮಲಗಿದ. ಕೆಂಚಮ್ಮ ರವೆ ತರಲು ಅಂಗಡಿಗೆ ಹೋದಳು.

ಮುದ್ದಯ್ಯ ಗಿರಣಿಯಿಂದ ಬಂದ. ಬಾಗಿಲಲ್ಲೇ ನಿಂತ. ಮೂಗು ಅರಳಿಸಿದ. ವಾಸನೆ! ಹುಡುಕಿಕೊಂಡು ಹೋದ. ಜಗಲಿ. ಮಾವ. ಮಾವನ ಬಾಯಿ ತೆರೆದಿದೆ. ಒಳಗಿನಿಂದ ಉಸ್ಸ್... ಉಸ್ಸ್... ಎಂದು ಬರುತ್ತಿದೆ.

ಒಂದು ಕ್ಷಣ ತಡಮಾಡಲಿಲ್ಲ. ಬಾಗಿಲು ತೆರೆದ, ಕಿಟಕಿ ತೆರೆದ. ಬೀದಿಗೆ ಓಡಿದ.

"ಒಲೆ ಆರಿಸ್ರೋ! ಎಲ್ಲರೂ ಒಲೆ ಆರ್ಸಿ! ನಮ್ಮ ಮಾವ ಲೀಕ್ ಆಗವ್ನೆ!"

ಸೋಪು ಕಲಸಿದ. ಒಂದು ಲೋಟ ಪೂರ್ತಿ ಮಾವನ ಬಾಯಿಗೆ ಬಿಟ್ಟ. ಮಾವ ಗಳಗಳ ಎಂದ. ಗುಳ್ಳೆ ಬಂತು. ಮೂಗಿನಿಂದಲೂ ಬಂತು!

"ಎರಡು ಕಡೆ ಲೀಕು!" ಎಂದು ಮುದ್ದಯ್ಯ ಗಾಬರಿಯಾಗಿ ಮಾವನನ್ನು ಹೆಗಲಿಗೇರಿಸಿದ. ಪುಟ್ಟಹೊನ್ನಯ್ಯ ಕೂಗಲು ಬಾಯಿ ತೆರೆದರೆ ಮಾತಿನ ಬದಲು ಗುಳ್ಳೆ. ಊರಾಚೆ ಬಯಲಿಗೆ ಹೊತ್ತು, ಸಿಲಿಂಡರಿನ ಪಕ್ಕದಲ್ಲೇ ಇಳಿಸಿದ. ಮಾವ ಕುಸಿದು ಕೂತ. ಎತ್ತಿ ನೆಟ್ಟಗೆ ನಿಲ್ಲಿಸಿದ. ಮತ್ತೆ ಕೂತ. ಮತ್ತೆ ನಿಲ್ಲಿಸಿದ.

"ಮಲಗಬೇಡ ಮಾವ! ನೆಟ್ಟಗೆ ನಿಲ್ಲು! ಯಾರೂ ಹತ್ರ ಬರಬೇಡ್ರಪ್ಪಾ!"

ಕೆಂಚಮ್ಮ ರವೆಯ ಪೊಟ್ಟಣ ಎದೆಗವಚಿಕೊಂಡು ಓಡಿಬಂದಳು. "ಅಣ್ಣಾ!"

ಪುಟ್ಟಹೊನ್ನಯ್ಯ ಮೂರು ಸಲ ಉಗಿದು, ಒಂದು ಸಲ ಸೀನಿ ಹೇಳಿದ. "ಶುಕ್ರವಾರ ಬರ್ತೀನಿ ತಂಗಿ. ಮಾತು ಕೊಟ್ಟಿದೀನಿ, ಅದಕ್ಕೆ ಬರ್ತೀನಿ. ಆದರೆ ನಿನ್ನ ಮನೇಲಿ ಬಾಯಿ ತೆರೆಯಲ್ಲ." ಹಾಗೆಂದು ಪಂಚೆ ಕೊಡವಿಕೊಂಡು ನಡೆದೇಬಿಟ್ಟ.

"ನೋಡಿದ್ಯೇನೋ! ನಿನ್ನ ಸಲುವಾಗಿ ಹತ್ತು ಸಲ ಚಪ್ಪಲಿ ಸವೆಸಿದ ಮನುಷ್ಯ ಬರಿಗೈಲಿ ಹೋದ! ಒಂದು ಎಲೆಯಡಿಕೆ ಇಲ್ಲ, ಒಂದು ಬಾಳೆಹಣ್ಣಿಲ್ಲ! ನಿಮ್ಮಪ್ಪ ಇದ್ದಾಗ ಈ ಮನೆಯಿಂದ ಏನೂ ಖಾಲಿ ಹೋಗ್ತಿರಲಿಲ್ಲ ಕಣೋ. ಪಕ್ಕದ ಮನೆ ಪಾತ್ರೆ ವಾಪಸ್ ಕೊಟ್ರೂ ಒಳಗೆ ಒಂದು ಚೂರು ಬೆಲ್ಲ ಹಾಕಿ ಕೊಡ್ತಿದ್ವಿ. ಕೇಳಿಸ್ಕೋ. ಬಂದವರಿಗೆ ಕೈ ಮುಗಿ. ಸೋಪು ಬೇಡ, ಮೂಸೋದು ಬೇಡ, ಹೊರೋದು ಬೇಡ. ನಮ್ಮನೆಯಿಂದ ಏನೂ ಖಾಲಿ ಹೋಗಬಾರದು. ಅಷ್ಟೇ!"

"ಅಷ್ಟೇ ತಾನೇ ಅಮ್ಮ? ಇನ್ಮೇಲೆ ಹಂಗೇ ಮಾಡ್ತೀನಿ."

ಗುರುವಾರ ಕೆಂಚಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಗೋಡೌನಿಗೆ ಹೋದಳು. ನಜೀರಣ್ಣ ಅವಳ ಮುಖ ನೋಡಿದ ಕೂಡಲೇ ಕೈ ಮುಗಿದ. "ಅಕ್ಕಾ, ಮಗನ್ನ ಮಾತ್ರ ಕಳಿಸಬೇಡಿ. ನಾಳೆ ಬೆಳಿಗ್ಗೆ ನಾನೇ ತಂದು ಕೂಡಿಸಿ ಹೋಗ್ತೀನಿ. ಆ ಲೀಕಾಗಿದ್ದನ್ನ ತರಿಸಿ ಇಟ್ಟಿರಿ, ತಗೊಂಡು ಹೋಗ್ತೀನಿ."

ಬಯಲಲ್ಲಿದ್ದ ಸಿಲಿಂಡರು ಉಸ್ಸೆಂದು ಉಸ್ಸೆಂದು ಸುಮ್ಮನಾಗಿತ್ತು. ಒಳಗೆ ಏನೂ ಉಳಿದಿರಲಿಲ್ಲ. ಮುದ್ದಯ್ಯ ಅದನ್ನು ತಂದು ಮುಂಬಾಗಿಲ ಪಕ್ಕದಲ್ಲಿ ನಿಲ್ಲಿಸಿದ. ಹೊಟ್ಟೆಯ ಮೇಲಿನ ಅಡ್ಡಗೀಟು ಹಾಗೇ ಇತ್ತು.

ಶುಕ್ರವಾರ. ನಜೀರಣ್ಣ ಹೇಳಿದಂತೆ ಬಂದ. ಸೀಲು ತೋರಿಸಿದ, ತೂಗಿ ತೋರಿಸಿದ, ಸೋಪಿನ ನೀರು ಬಿಟ್ಟು ತೋರಿಸಿದ. ರೆಗ್ಯುಲೇಟರ್ ಕೂಡಿಸಿ ಕಡ್ಡಿ ಗೀರಿದ. ಭಗ್! ನೀಲಿ ಉರಿ. ಕೆಂಚಮ್ಮನ ಕಣ್ಣಲ್ಲಿ ನೀರು.

"ಬೀದಿ ಕೊನೆಯ ಮನೆಗೆ ಒಂದು ಇಳಿಸಿ ಬರ್ತೀನಿ ಅಕ್ಕ. ಬಂದು ಖಾಲಿ ತಗೊಳ್ತೀನಿ" ಎಂದು ನಜೀರಣ್ಣ ಗಾಡಿ ಹತ್ತಿದ.

ಅಷ್ಟರಲ್ಲಿ ಆಟೋ ಬಂತು. ಜವರಪ್ಪ, ಅವನ ಹೆಂಡತಿ, ಮಗಳು ನೇತ್ರಾವತಿ. ಪುಟ್ಟಹೊನ್ನಯ್ಯನೂ ಬಂದು, ಬಾಯಿ ಬಿಗಿ ಹಿಡಿದು, ಬಾಗಿಲ ಹತ್ತಿರವೇ ಕೂತ. ಮುದ್ದಯ್ಯ ಎಲ್ಲರಿಗೂ ಕೈ ಮುಗಿದ. ಆಟೋದವನಿಗೂ ಮುಗಿದ.

ಜವರಪ್ಪ ಚಪ್ಪಲಿ ಬಿಟ್ಟವನೇ ನೇರ ಅಡುಗೆ ಮನೆಗೆ ಹೋದ. ಬಗ್ಗಿ ಉರಿ ನೋಡಿದ. "ನೀಲಿ!" ಎಂದ. ಹೆಂಡತಿ ಇಣುಕಿ ನೋಡಿ, ಕೆಮ್ಮಿ, "ಹೊಗೆ ಇಲ್ಲ" ಎಂದಳು. ಕೆಂಚಮ್ಮನಿಗೆ ಅರ್ಧ ಮದುವೆ ಆದಂತೆ ಆಯಿತು. ಉಪ್ಪಿಟ್ಟಿಗೆ ನೀರಿಟ್ಟು, ಮಗನ ಕಿವಿಯಲ್ಲಿ, "ನಜೀರಣ್ಣ ಬಂದ್ರೆ ಸಿಲಿಂಡರ್ ಕೊಟ್ಟು ಕಳಿಸು. ಬಾಯಿ ಬಿಡಬೇಡ" ಎಂದು ಹೇಳಿ, ಬಂದವರ ಹತ್ತಿರ ಹೋಗಿ ಕೂತಳು.

ಹಿತ್ತಲ ಬಾಗಿಲಲ್ಲಿ ಗಾಡಿ ನಿಂತಿತು. ನಜೀರಣ್ಣ ಕೂತಲ್ಲಿಂದಲೇ, "ಮುದ್ದಯ್ಯ, ಖಾಲಿ ಕೊಡಪ್ಪ" ಎಂದ.

ಖಾಲಿ! ಮುದ್ದಯ್ಯ ಕಿವಿ ಮುಚ್ಚಿಕೊಂಡ. ಅಪ್ಪ ಇದ್ದಾಗಲೂ ಕೊಟ್ಟಿಲ್ಲದ್ದನ್ನು ಈಗ ಕೊಡುವುದೇ? ಒಳಗೆ ಹೋದ. ರೆಗ್ಯುಲೇಟರ್ ತಿರುವಿ ಕಿತ್ತ. ಹೊಸ ಸಿಲಿಂಡರ್ ಹೆಗಲಿಗೇರಿಸಿದ. ಗಾಡಿಯ ಹಿಂದಿನಿಂದ ಏರಿಸಿ ಇಟ್ಟ.

"ಇಟ್ಯಾ?"

ಮುದ್ದಯ್ಯ ಬಾಯಿ ಬಿಡಲಿಲ್ಲ. ತಲೆ ಆಡಿಸಿದ. ಗಾಡಿ ಹೋಯಿತು.

ಕೆಂಚಮ್ಮ ರವೆ ಹಾಕಲು ಒಳಗೆ ಹೋದಳು. ಒಲೆ ತಣ್ಣಗಿದೆ. ಬಗ್ಗಿ ನೋಡಿದಳು. ಟ್ಯೂಬು ನೇತಾಡುತ್ತಿದೆ. ಅವಳ ಕೂಗಿಗೆ ಎಲ್ಲರೂ ಎದ್ದು ಬಂದರು.

"ಮುದ್ದಾ! ಸಿಲಿಂಡರೆಲ್ಲೋ!"

"ಕೊಟ್ಟು ಕಳಿಸಿದೆ."

"ತುಂಬಿದ್ದನ್ನಾ?"

"ಮತ್ತೆ? ನಮ್ಮನೆಯಿಂದ ಏನೂ ಖಾಲಿ ಹೋಗಬಾರದು ಅಂದ್ಯಲ್ಲ!"

ಕೆಂಚಮ್ಮ ಅಲ್ಲೇ ಕುಸಿದು ಕೂತಳು. ಪುಟ್ಟಹೊನ್ನಯ್ಯ ಪಂಚೆಯಿಂದ ಮುಖ ಮುಚ್ಚಿಕೊಂಡ. ಜವರಪ್ಪ ಹೆಂಡತಿಯ ಕಡೆ ತಿರುಗಿದ. "ಏಳು, ಹೋಗಾನ. ಇದ್ದ ಗ್ಯಾಸನ್ನೇ ಊರಿಗೆ ಹಂಚೋ ಮನೆ ಇದು."

ನೇತ್ರಾವತಿ ಮಾತ್ರ ಏಳಲಿಲ್ಲ. ಸೆರಗು ಬಾಯಿಗೆ ಅಡ್ಡ ಹಿಡಿದಿದ್ದಳು. ಭುಜ ಕುಣಿಯುತ್ತಿತ್ತು.

"ಸ್ವಲ್ಪ ತಡಿಯಪ್ಪ" ಎಂದಳು. ಮುದ್ದಯ್ಯನ ಕಡೆ ನೋಡಿದಳು. "ಪಟದ ಗಾಜು ಯಾಕೆ ಒಡೆದೈತೆ?"

"ಮಲ್ಲಿಗೆ ಬದಲು ಗುಂಡುಕಲ್ಲು ಇಟ್ಟೆ. ಹಗುರದ್ದು ತರಬೇಡ ಅಂದಿದ್ಲು ಅಮ್ಮ."

"ನಿಮ್ಮ ಮಾವ ಯಾಕೆ ಬಾಯಿ ಬಿಡ್ತಿಲ್ಲ?"

"ಬಿಟ್ರೆ ಸೋಪಿನ ನೀರು ಹಾಕ್ತೀನಿ ಅಂತ ಭಯ. ಅದೂ ಅಮ್ಮಾನೇ ಹೇಳಿದ್ದು."

ಒಂದೊಂದೇ ಕೇಳಿದಳು. ಒಂದೊಂದೇ ಹೇಳಿದ. ಎಮ್ಮೆಯ ಸಂಗತಿ ಬಂದಾಗ ಅವಳ ಅವ್ವನೇ ಕೆಮ್ಮು ಮರೆತು ನಕ್ಕಳು.

"ಅಪ್ಪಾ, ಕೂತ್ಕೋ" ಎಂದಳು ನೇತ್ರಾವತಿ. "ಹೇಳಿದ್ದನ್ನ ಒಂದು ಅಕ್ಷರ ಬಿಡದಂಗೆ ಮಾಡ್ತಾರೆ ಇವರು. ಇಂಥ ಗಂಡಸು ನಮ್ಮೂರಲ್ಲಿ ಒಬ್ಬ ಇದ್ದಾನಾ? ನೀನೇ ಹೇಳು, ಅವ್ವ ಎಷ್ಟು ವರ್ಷದಿಂದ ಸೂರು ಸರಿ ಮಾಡು ಅಂತಾ ಇದ್ದಾಳೆ?"

ಜವರಪ್ಪ ಕೂತ.

"ತಪ್ಪು ಇವರದ್ದಲ್ಲ. ಹೇಳೋರು ಸರಿಯಾಗಿ ಹೇಳಬೇಕು, ಅಷ್ಟೇ."

"ಹೇಳಮ್ಮಾ, ನೀನೇ ಹೇಳು!" ಎಂದಳು ಕೆಂಚಮ್ಮ, ನೆಲದ ಮೇಲಿಂದಲೇ. "ಇಪ್ಪತ್ತೆಂಟು ವರ್ಷದಿಂದ ಹೇಳ್ತಾ ಇದೀನಿ. ಒಂದು ಸಲ ನೀನೂ ಹೇಳು. ನೋಡಾನ."

ನೇತ್ರಾವತಿ ಎದ್ದು ನಿಂತಳು. "ನೋಡಿ, ಬಾಗಿಲಲ್ಲಿರೋ ಸಿಲಿಂಡರು ಆ ಗಾಡಿಯವನ ಹತ್ರ ತಗೊಂಡು ಹೋಗಿ. ಖಾಲಿ ಕೊಟ್ಟು ತುಂಬಿದ್ದು ತನ್ನಿ. ಸೀಲು ನೋಡಿ, ತೂಕ ನೋಡಿ, ಮೂಸಿ ನೋಡಿ. ವಾಸನೆ ಇದ್ರೆ ಬೇಡ. ಎಲ್ಲಾ ಸರಿ ಇರೋದು ತನ್ನಿ."

"ಗಾಡಿ ಸಿಗದೇ ಇದ್ರೆ?"

"ಗಾಡಿಯೇ ಆಗ್ಬೇಕು ಅಂತಿಲ್ಲ. ಎಲ್ಲಿ ಸಿಗುತ್ತೋ ಅಲ್ಲಿಂದ ತನ್ನಿ. ಬರಿಗೈಲಿ ಮಾತ್ರ ಬರಬೇಡಿ."

ಮುದ್ದಯ್ಯ ಹೊರಟವನು ಹೊಸ್ತಿಲಲ್ಲಿ ನಿಂತ. "ಖಾಲಿ ಹೆಂಗೆ ಕೊಡೋದು? ನಮ್ಮನೆಯಿಂದ..."

"ಒಂದು ಬೆಲ್ಲ ಇಟ್ಟು ಕೊಡೋ! ಹೋಗೋ!" ಎಂದು ಕೆಂಚಮ್ಮ ಕಿರುಚಿದಳು.

ಡಬ್ಬಿಯಿಂದ ಒಂದು ಅಚ್ಚುಬೆಲ್ಲ ತೆಗೆದು ಜೇಬಿಗೆ ಹಾಕಿಕೊಂಡು, ಸಿಲಿಂಡರನ್ನು ಸೈಕಲ್ಲಿಗೆ ಕಟ್ಟಿಕೊಂಡು, ಹೋದ.

ಕಾಲು ಗಂಟೆ ಆಯಿತು. ಅರ್ಧ ಗಂಟೆ ಆಯಿತು. ಜವರಪ್ಪ ಎರಡು ಸಲ ಚಪ್ಪಲಿ ಕಡೆ ನೋಡಿದ. ಕೆಂಚಮ್ಮ ಒಡೆದ ಗಾಜಿನ ಹಿಂದಿನ ದೇವರನ್ನೇ ನೋಡುತ್ತಿದ್ದಳು. ಮುಕ್ಕಾಲು ಗಂಟೆಗೆ ಸೈಕಲ್ ಗಂಟೆ ಕೇಳಿತು.

ಎಲ್ಲರೂ ಹೊರಗೆ ಓಡಿದರು. ಸಿಲಿಂಡರ್! ಅಡ್ಡಗೀಟು ಇಲ್ಲ. ಕೆಂಚಮ್ಮ ಬಾಯಿ ನೋಡಿದಳು: ಸೀಲು ಭದ್ರ. ಜವರಪ್ಪ ಎತ್ತಿ ನೋಡಿದ: ಸೊಂಟ ಕಿರ್ ಎಂದಿತು. ಪುಟ್ಟಹೊನ್ನಯ್ಯ ಎರಡು ದಿನದ ವ್ರತ ಮುರಿದು ಮೂಸಿ, "ಏನೂ ಇಲ್ಲ!" ಎಂದು ಬಾಯಿ ಬಿಟ್ಟ.

"ಎಲ್ಲಿ ಸಿಕ್ತೋ?" ಎಂದಳು ಕೆಂಚಮ್ಮ.

"ತುಂಬಿದ್ದು ಇದ್ದ ಕಡೆ."

"ಬೆಲ್ಲ?"

"ಇಟ್ಟೆ."

"ಭೇಷ್!" ಎಂದಳು ನೇತ್ರಾವತಿ. ಕೆಂಚಮ್ಮನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ ಮಗ ಒಂದು ಕೆಲಸ ಪೂರ್ತಿ ಮಾಡಿದ್ದ. ರೆಗ್ಯುಲೇಟರ್ ಕೂಡಿಸಿದಳು, ಸೋಪಿನ ನೀರು ಬಿಟ್ಟು ನೋಡಿದಳು, ಒಲೆ ಹಚ್ಚಿದಳು. ಉಪ್ಪಿಟ್ಟಾಯಿತು, ಕೇಸರಿಬಾತಾಯಿತು, ಮೇಲೆ ಕಾಫಿಯಾಯಿತು.

ಜವರಪ್ಪ ಲೋಟ ಕೆಳಗಿಟ್ಟು ಒಲೆಯ ಕಡೆ ನೋಡಿ ತಲೆದೂಗಿದ. "ಏನು ಉರಿ ಕಣಮ್ಮ! ನಮ್ಮನೆ ಗ್ಯಾಸಿಗೆ ಈ ಉರಿ ಬರಲ್ಲ."

ಎಲೆಯಡಿಕೆ ಬದಲಾಯಿಸಿದರು. ಮಾತು ಮುಗಿಯಿತು. ಹೆಣ್ಣಿನ ಕಡೆಯವರು ಆಟೋ ಹತ್ತಿದಾಗ ಕೆಂಚಮ್ಮ ತೆಂಗಿನಕಾಯಿ, ಬಾಳೆಹಣ್ಣು ಕೊಟ್ಟು ಕಳಿಸಿದಳು. ಏನೂ ಖಾಲಿ ಹೋಗಲಿಲ್ಲ.

ಕೆರೆ ಏರಿ ದಾಟಿ ಆಟೋ ಮೂಡಲಪಾಳ್ಯಕ್ಕೆ ಬಂತು. ಜಗಲಿಯ ಮೇಲೆ ನೇತ್ರಾವತಿಯ ಅಜ್ಜಿ ಕಾಯುತ್ತ ಕೂತಿದ್ದಳು.

"ಹೋದ ಕೆಲಸ ಏನಾಯ್ತೇ?"

"ಒಪ್ಪಿಗೆ ಆಯ್ತು ಅಜ್ಜಿ."

"ಒಳ್ಳೇದಾಯ್ತು. ಮೊದಲು ಒಂದು ಲೋಟ ಕಾಫಿ ಇಡು. ಬೆಳಿಗ್ಗೆ ನೀವು ಹೊರಟಾಗ ಹಳೇ ಗ್ಯಾಸು ಮುಗೀತು. ಹೊಸದು ಕೂಡಿಸೋಕೆ ನನಗೆ ಬರಲ್ಲ. ಅವಾಗಿಂದ ಬಾಯಿ ಒಣಗ್ಸಿಕೊಂಡು ಕೂತಿದೀನಿ."

ನೇತ್ರಾವತಿ ಒಳಗೆ ಹೋದಳು. ಹೊಸ ಸಿಲಿಂಡರ್ ಮೊನ್ನೆ ತಾನೆ ತರಿಸಿ ಮೂಲೆಯಲ್ಲಿಟ್ಟಿದ್ದು. ಮೂಲೆಯಲ್ಲಿ ಒಂದು ಸಿಲಿಂಡರ್ ಇತ್ತು. ತಳಕ್ಕೆ ಬಯಲಿನ ಮಣ್ಣು ಮೆತ್ತಿತ್ತು. ಹೊಟ್ಟೆಯ ಮೇಲೆ ಸೀಮೆಸುಣ್ಣದ ಅಡ್ಡಗೀಟು. ಮೇಲೆ, ಒಂದು ಅಚ್ಚುಬೆಲ್ಲ.

"ಅಜ್ಜೀ! ಯಾರು ಬಂದಿದ್ರು?"

"ಗ್ಯಾಸಿನ ಹುಡುಗ ಕಣೇ. ಮೊದಲ ಮನೇಲಿ ಕೇಳಿದ್ನಂತೆ, ಸೀಲಿರಲಿಲ್ವಂತೆ. ಎರಡನೇ ಮನೇದು ಹಗುರ ಇತ್ತಂತೆ. ನಮ್ಮನೆಗೆ ಬಂದು ಕೈ ಮುಗಿದ. ಸೀಲು ನೋಡಿದ, ಎತ್ತಿ ನೋಡಿದ, ಮೂಸಿ ನೋಡಿದ. 'ಎಲ್ಲಾ ಸರಿ ಐತೆ ಅಜ್ಜಿ' ಅಂತ ನಮ್ಮದು ಹೊತ್ಕೊಂಡ, ಬದಲಿಗೆ ಇನ್ನೊಂದು ಇಟ್ಟ. ಖಾಲಿ ಕೊಡಬಾರದು ಅಂತ ಬೆಲ್ಲ ಬೇರೆ ಇಟ್ಟು ಹೋದ! ಏನು ನಯ, ಏನು ವಿನಯ!" ಅಜ್ಜಿ ನಿಟ್ಟುಸಿರು ಬಿಟ್ಟಳು. "ನೀನು ಒಪ್ಪಿ ಬಂದಿರೋನು ಹೆಂಗವ್ನೋ ಏನೋ. ಕಟ್ಕೊಂಡ್ರೆ ಇಂಥವನನ್ನ ಕಟ್ಕೋಬೇಕಿತ್ತು ನೋಡು."

ನೇತ್ರಾವತಿ ಬಯ್ಯಲು ಬಾಯಿ ತೆರೆದಳು. ಎಲ್ಲಿ ಸಿಗುತ್ತೋ ಅಲ್ಲಿಂದ ತನ್ನಿ ಎಂದವಳು ತಾನೇ ಎಂದು ನೆನಪಾಯಿತು. ತೆರೆದ ಬಾಯಿಗೆ ಆ ಬೆಲ್ಲವನ್ನೇ ಹಾಕಿಕೊಂಡಳು.

ಕತೆ ಇಷ್ಟೇ. ಇನ್ನು ಎದ್ದು ಹೋಗಿ ಒಲೆ ಹಚ್ಚಿಕೊಳ್ಳಿ. ಹಚ್ಚುವ ಮುಂಚೆ ಮೂಲೆಯಲ್ಲಿರುವ ಸಿಲಿಂಡರನ್ನು ಒಮ್ಮೆ ನೋಡಿ. ಮೇಲೆ ಬೆಲ್ಲ ಇದ್ದರೆ, ಅದು ನಿಮ್ಮದಲ್ಲ.